ಜರ್ಮನ್ ಕಾರಿಗೆ ಪಂಪಿನ ಗ್ಯಾಸ್ಕೆಟ್

ನಮ್ಮ ಮನೆಯವರು ಕಾರು ತಂದ ದಿನ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಗದ್ದಲ ಕೇಳಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದರೆ, ಕಾರ್ಖಾನೆಯ ಟೆಂಪೋ ಒಂದು ಉದ್ದನೆಯ ಕೆನೆಬಣ್ಣದ ಕಾರಿಗೆ ಹಗ್ಗ ಕಟ್ಟಿ ನಮ್ಮ ಬಿಲ್ಡಿಂಗಿನ ಕಾಂಪೌಂಡಿನೊಳಗೆ ಎಳೆದು ತರುತ್ತಿತ್ತು. ಸ್ಟಿಯರಿಂಗ್ ಹಿಡಿದು ಕುಳಿತವರು ನಮ್ಮವರು. ಮುಖದ ಮೇಲೆ ಮದುಮಗನ ಕಳೆ. ನಮ್ಮ ಮದುವೆಯ ದಿನ ಅದರಲ್ಲಿ ಅರ್ಧ ಕಳೆಯೂ ಇರಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ತೊಂಬತ್ತರ ದಶಕದ ನಡುವಿನ ಮಾತಿದು. ನಾವಿದ್ದದ್ದು ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯ ವಸತಿ ಭಾಗದಲ್ಲಿ, ಗ್ರೌಂಡ್ ಫ್ಲೋರಿನ ಮನೆಯಲ್ಲಿ. ನಮ್ಮವರು ಅಲ್ಲೇ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫೋರ್‌ಮನ್. ಪಂಪು, ವಾಲ್ವು, ಪೈಪು ಇವೇ ಅವರ ಬಂಧುಬಳಗ. ಈ ಕಾರು ಕಾರ್ಖಾನೆಯ ಮಾಲೀಕರದು. ಒಂದು ಕಾಲದಲ್ಲಿ ಅದು ಗೇಟಿನೊಳಗೆ ಬಂದರೆ ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದನಂತೆ. ಮಾಲೀಕರು ಹೊಸ ಕಾರು ಕೊಂಡ ಮೇಲೆ ಇದು ತಗಡಿನ ಶೆಡ್ಡಿನಡಿ ಬಿದ್ದುಕೊಂಡು ಪಾರಿವಾಳಗಳ ಪಾಲಾಗಿತ್ತು. ಗುಜರಿಯ ಬೆಲೆಗೆ ಯಾರಾದರೂ ಒಯ್ಯುವುದಾದರೆ ಒಯ್ಯಲಿ ಎಂದು ಅವರು ಬಾಯಿ ಮುಚ್ಚುವುದರೊಳಗೆ ನಮ್ಮವರು ಹಗ್ಗ ಹುಡುಕಿದ್ದರು.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದೆ ನಾನು. "ಇದರ ಪಾರ್ಟು ಜರ್ಮನಿಯಿಂದ ತರಿಸ್ತೀರೇನು?"

"ಜರ್ಮನಿ ಯಾಕ, ವಾಗ್ಳೆ ಎಸ್ಟೇಟಿನ್ಯಾಗ ಪಾರ್ಟಿನ ಅಂಗಡಿ ಅದಾವಲ್ಲ" ಎಂದರು ಅವರು. "ಇದರಾಗ ಏನು ದೊಡ್ಡ ವಿದ್ಯಾ ಐತಿ? ಒಂದು ಪಂಪು, ನಾಕು ಪೈಪು, ಸುತ್ತ ತಗಡು. ದಿನಾ ಮಾಡೂದ ಇದು."

ಅವರ ಹುಮ್ಮಸ್ಸಿಗೆ ಒಂದು ಕಾರಣವಿತ್ತು. ಅದನ್ನು ಹೇಳದಿದ್ದರೆ ನಮ್ಮವರನ್ನು ಬರೀ ಹುಚ್ಚರೆಂದು ತಿಳಿದೀರಿ. ನಮ್ಮ ಅತ್ತೆಯ ಅಕ್ಕ, ಅಂದರೆ ನಮ್ಮವರ ದೊಡ್ಡವ್ವ, ವಾಶಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ವಿಜಾಪುರದಲ್ಲಿ ಅಕ್ಕಪಕ್ಕದ ಮನೆಗೆ ಲಗ್ನವಾಗಿ ಹೋದ ಅಕ್ಕತಂಗಿಯರು ಮಕ್ಕಳ ನೌಕರಿಯ ದೆಸೆಯಿಂದ ಇಲ್ಲಿಗೆ ಬಂದು, ಒಬ್ಬರು ಡೊಂಬಿವಲಿ ಒಬ್ಬರು ವಾಶಿ ಆಗಿದ್ದರು. ಮೊದಮೊದಲು ಅತ್ತೆ ಟ್ರೇನಿನಲ್ಲಿ ಹೋಗಿ ಬರುತ್ತಿದ್ದರು. ಆಮೇಲೆ ಮೊಣಕಾಲು ಹಿಡಿದವು. ಡೊಂಬಿವಲಿಯ ಬ್ರಿಜ್ ಹತ್ತಬೇಕು, ಕುರ್ಲಾದಲ್ಲಿ ಇಳಿದು ಇನ್ನೊಂದು ಬ್ರಿಜ್ ಹತ್ತಿ ವಾಶಿಯ ಗಾಡಿ ಹಿಡಿಯಬೇಕು. ಹಿಂದಿನವರು ನೂಕುವ ಆ ಬ್ರಿಜ್ಜಿನ ಮೇಲೆ ಮೊಣಕಾಲು ಹಿಡಿದವರಿಗೆ ಜಾಗವಿಲ್ಲ. ಬಸ್ಸಿನ ಮೆಟ್ಟಿಲು ಸೊಂಟದ ಎತ್ತರ. ಅತ್ತ ದೊಡ್ಡವ್ವನೂ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಇಬ್ಬರಿಗೂ ಉಳಿದದ್ದು ಫೋನು. ಅದರಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ಒಟ್ಟಿಗೇ "ಆಂ?" ಎನ್ನುತ್ತಿದ್ದರು.

ಟ್ಯಾಕ್ಸಿ ಮಾಡೋಣವೆಂದು ನಾನೇ ಎಷ್ಟೋ ಸಲ ಹೇಳಿದ್ದೆ. ಅತ್ತೆ ಒಪ್ಪಿದರೆ ತಾನೇ?

"ಅಕ್ಕನ ಮನಿಗೆ ಬಾಡಿಗಿ ಗಾಡ್ಯಾಗ ಹೋಗಬೇಕೇನು? ಹೊರಗ ಮೀಟರ್ ತಿರಗತಿರ್ತೈತಿ, ಒಳಗ ಬಾಯಾಗ ಮಾತು ಹೆಂಗ ಬರ್ತಾವು?"

ಮಗ ಅದನ್ನು ಕೇಳಿಸಿಕೊಂಡಿದ್ದರು. "ಅವ್ವಾ, ನಮ್ಮ ಸ್ವಂತ ಕಾರಿನ್ಯಾಗ ಒಯ್ತೀನಿ ನಿನ್ನ. ಚಂಜೀತನಾ ಕುಂತು ಮಾತಾಡು" ಎಂದು ಮಾತು ಕೊಟ್ಟುಬಿಟ್ಟರು. ಅಕ್ಕ ಇರುವಾಗಲೇ ಒಂದು ಸಲ ಮುಖ ನೋಡಬೇಕೆನ್ನುವುದು ಅತ್ತೆಯ ಆಸೆ. ಅದು ಈಗ ಆ ಪಾರಿವಾಳದ ಗೂಡಿಗೆ ಗಂಟುಬಿತ್ತು.

ರಿಪೇರಿ ಶುರುವಾಯಿತು. ಮೆಕ್ಯಾನಿಕ್ಕನ ಕೈಗೆ ಕೊಡುವ ಪ್ರಶ್ನೆಯೇ ಇಲ್ಲ, ಅದು ಅವರ ಮರ್ಯಾದೆಯ ವಿಷಯ. ಮೊದಲ ಭಾನುವಾರ ಕಾರಿನ ಮೂತಿಗೆ ಒಂದು ಬೋರ್ಡು ನೇತುಬಿತ್ತು: "ಕೆಲಸ ನಡೆದಿದೆ, ಮುಟ್ಟಬೇಡಿ." ಕಾರ್ಖಾನೆಯಲ್ಲಿ ಪಂಪು ಬಿಚ್ಚಿದಾಗ ಹಾಕುವ ಬೋರ್ಡು ಅದು. ಬಿಲ್ಡಿಂಗಿನ ಬೆಕ್ಕು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಾನೆಟ್ಟಿನ ಮೇಲೇ ಮಲಗಿತು. ಎಂಜಿನ್ನಿನ ಸಂದಿಯಲ್ಲಿ ಸೋರದಂತೆ ಕೂರುವ ಗ್ಯಾಸ್ಕೆಟ್ ಹೋಗಿತ್ತು. ಪಂಪಿಗೆ ಪೈಪು ಸೇರುವ ಫ್ಲಾಂಜಿಗೆ ಹಾಕುವ ಪ್ಯಾಕಿಂಗ್ ಶೀಟು ತಂದು, ನಮ್ಮ ಊಟದ ಕೋಣೆಯ ನೆಲದ ಮೇಲೆ ಹರವಿ, ನನ್ನ ಹೊಲಿಗೆ ಕತ್ತರಿಯಿಂದ ಕತ್ತರಿಸಿ ಹೊಸದು ಮಾಡಿದರು. ಆಮೇಲೆ ಆ ಕತ್ತರಿ ಬಟ್ಟೆ ಹಾಗಿರಲಿ, ಬೆಣ್ಣೆಯನ್ನೂ ಕತ್ತರಿಸಲಿಲ್ಲ. ನೀರಿನ ಪೈಪುಗಳು ಒಡೆದಿದ್ದವು. ಅವಕ್ಕೆ ಕಾರ್ಖಾನೆಯ ಹೋಸ್ ಪೈಪಿನ ತುಂಡು ಬಂದವು. ಅಷ್ಟಕ್ಕೇ ನಿಲ್ಲಿಸಿದರೆ ಅವರು ಫೋರ್‌ಮನ್ ಹೇಗಾದಾರು? ಕಾರ್ಖಾನೆಯ ಶಿಸ್ತಿನಂತೆ ಒಂದೊಂದು ಪೈಪಿಗೆ ಒಂದೊಂದು ಬಣ್ಣ ಬಳಿದರು. ನೀರಿನದಕ್ಕೆ ಹಸಿರು, ಗಾಳಿಯದಕ್ಕೆ ಆಕಾಶನೀಲಿ, ಎಣ್ಣೆಯದಕ್ಕೆ ಕಂದು. ಬಾನೆಟ್ ಎತ್ತಿದರೆ ಬಳೆಗಾರನ ಗಂಟು ಬಿಚ್ಚಿದಂತೆ ಕಾಣುತ್ತಿತ್ತು.

"ಇದ್ಯಾಕ ಬಣ್ಣ?" ಎಂದು ಕೇಳಿದೆ.

"ನಾಳೆ ಇನ್ನೊಬ್ಬ ಫಿಟ್ಟರ್ ಬಂದ್ರ ಅವಂಗ ತಿಳೀಬೇಕಲ್ಲ?"

ಯಾವ ಇನ್ನೊಬ್ಬ ಫಿಟ್ಟರ್? ಸ್ವಂತ ಭಾವಮೈದನನ್ನೂ ಹತ್ತಿರ ಬಿಟ್ಟುಕೊಳ್ಳದ ಮನುಷ್ಯ ಇವರು!

ಇತ್ತ ಅತ್ತೆ ಕಾರಿನ ಹಿಂದಿನ ಸೀಟನ್ನು ಸ್ವಾಧೀನ ಮಾಡಿಕೊಂಡರು. ಆ ಸೀಟು ನಿಜಕ್ಕೂ ಸುಖದ್ದು, ಚರ್ಮದ್ದು, ಕುಳಿತರೆ ಮೊಣಕಾಲಿಗೆ ಭಾರವೇ ಬೀಳದು. ಬೆಳಿಗ್ಗೆ ಪೂಜೆ ಮುಗಿಸಿ ಹೋಗಿ ಕುಳಿತರೆಂದರೆ ಮೆಂತೆಪಲ್ಯೆ ಸೋಸುವುದು, ಬೇಳೆ ಆರಿಸುವುದು ಎಲ್ಲ ಅಲ್ಲೇ. ಬಾಜಿಯವಳು ಬುಟ್ಟಿ ಇಳಿಸುವುದು ಕಾರಿನ ಬಾಗಿಲಲ್ಲಿ. ಮೇಲಿನ ಮನೆಯ ಮರಾಠಿ ಅಜ್ಜಿ ಇನ್ನೊಂದು ಬಾಗಿಲಿನಿಂದ ಹತ್ತಿ ಪಕ್ಕದಲ್ಲಿ ಕುಳಿತು ಸೊಸೆಯಂದಿರ ವಿಚಾರ ತೆಗೆಯುತ್ತಿದ್ದರು. ನಾನು ಚಹಾ ಒಯ್ದರೆ ಇಬ್ಬರೂ ಗಪ್ಪನೆ ಬಾಯಿ ಮುಚ್ಚಿ ಹೊರಗೆ ನೋಡುತ್ತಿದ್ದರು, ಗಾಡಿ ಓಡುತ್ತಿರುವ ಹಾಗೆ! ಫೋನಿನಲ್ಲಿ ಯಾರಾದರೂ ಅತ್ತೆಯನ್ನು ಕೇಳಿದರೆ ನನ್ನ ಮಗಳು, "ಆಜೀ ಆಫೀಸ್ ಮೇ ಹೈ" ಎನ್ನುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಅತ್ತೆಯವೇ.

ಕಡೆಗೊಂದು ದಿನ ಎಂಜಿನ್ ಸ್ಟಾರ್ಟ್ ಆಯಿತು. ಡೀಸೆಲ್ ಗಾಡಿ, ಮೊದಲು ಕೆಮ್ಮಿತು, ಕಾಂಪೌಂಡ್ ತುಂಬ ಕಪ್ಪು ಹೊಗೆ ಕಾರಿತು, ಒಣಗಲು ಹಾಕಿದ್ದ ನನ್ನ ಸೀರೆಯ ಬಣ್ಣ ಬದಲಿಸಿತು, ಆಮೇಲೆ ನೆಟ್ಟಗೆ ಓಡತೊಡಗಿತು. ಜನ ಚಪ್ಪಾಳೆ ಹೊಡೆದರು. ನಮ್ಮವರು ಗಂಭೀರವಾಗಿ ಕೀಲಿ ತಿರುಗಿಸಿ ಆಫ್ ಮಾಡಿದರು. ಎಂಜಿನ್ ನಿಲ್ಲಲಿಲ್ಲ. ಕೀಲಿಯನ್ನು ಹೊರಗೇ ಎಳೆದರು. ಆಗಲೂ ನಿಲ್ಲಲಿಲ್ಲ. ಕೀಲಿ ಕೈಯಲ್ಲಿ ಹಿಡಿದು ಅವರು ಕೆಳಗೆ ನಿಂತಿದ್ದಾರೆ, ಕಾರು ತನ್ನ ಪಾಡಿಗೆ ತಾನು ಓಡುತ್ತಿದೆ!

ಬಾನೆಟ್ಟಿನೊಳಗೆ ಕೈಯಿಂದ ಒತ್ತಿ ನಿಲ್ಲಿಸುವ ಒಂದು ಸಣ್ಣ ಹಿಡಿ ಇತ್ತು. ಅದನ್ನು ಹುಡುಕಿ ಒತ್ತುವಷ್ಟರಲ್ಲಿ ನಮ್ಮವರ ಬೆವರು ಇಳಿದಿತ್ತು. ಅಂದಿನಿಂದ ಅದು ದೊಡ್ಡ ಚಿಂತೆಯಾಯಿತು. ಈ ಕಾರಿನಲ್ಲಿ ಬಾಗಿಲ ಲಾಕು ಬೀಳುವುದೂ ಎಂಜಿನ್ ನಿಲ್ಲುವುದೂ ಗಾಳಿ ಹೀರುವ ಒಂದೇ ಸಣ್ಣ ನಳಿಗೆಯ ಆಟವಂತೆ. ಆ ನಳಿಗೆ ಎಲ್ಲೋ ತೂತಾಗಿದೆ, ಹೀರುವ ಬಲ ಅಲ್ಲಿ ಸೋರಿಹೋಗುತ್ತಿದೆ. ಎಲ್ಲಿ ಅಂತ ಹುಡುಕುವುದು?

ಮರುದಿನ ಬೆಳಿಗ್ಗೆ ನಮ್ಮವರು ದೇವರ ಕೋಣೆಯಿಂದ ಊದುಬತ್ತಿಯ ಕಟ್ಟು ಎತ್ತಿಕೊಂಡು ಹೋದರು. ಎಂಜಿನ್ ಚಾಲು ಮಾಡಿ, ಎರಡು ಕಡ್ಡಿ ಹಚ್ಚಿ, ಕಾರಿನ ಸುತ್ತ ನಿಧಾನವಾಗಿ ತಿರುಗತೊಡಗಿದರು. ಬಾಗಿಲ ಸಂದಿಗೆ ಹಿಡಿಯುವುದು, ಡಿಕ್ಕಿಗೆ ಹಿಡಿಯುವುದು, ಬಗ್ಗಿ ಸೀಟಿನ ಕೆಳಗೆ ಹಿಡಿಯುವುದು. ಕಾರ್ಖಾನೆಯಲ್ಲಿ ಸೋರಿಕೆ ಹುಡುಕುವ ಕ್ರಮವಂತೆ ಅದು, ತೂತಿದ್ದಲ್ಲಿ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ನೋಡುವವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಮರಾಠಿ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಮತ್ತೊಬ್ಬರು ಮನೆಗೆ ಓಡಿಹೋಗಿ ತೆಂಗಿನಕಾಯಿ ತಂದರು. "ಕಾಕಾ, ಆರತಿ ಝಾಲೀ ಕಾ?" ಆರತಿ ಆಯಿತೇ ಎಂದು ಮೇಲಿನ ಗ್ಯಾಲರಿಯಿಂದ ಯಾರೋ ಕೂಗಿದರು. ನಮ್ಮವರ ಲಕ್ಷ್ಯ ಪೂರ್ತಿ ಹೊಗೆಯ ಮೇಲೆ. ಹಿಂದಿನ ಬಾಗಿಲು, ಅಂದರೆ ಅತ್ತೆಯ ದರ್ಬಾರಿನ ಬಾಗಿಲಿನ ಸಂದಿಗೆ ಬಂದಾಗ ಹೊಗೆ ತಟಕ್ಕನೆ ಬಾಗಿ ಒಳಗೆ ಹೋಯಿತು. "ಸಿಕ್ತು!" ಎಂದು ಅವರು ಚೀರಿದ್ದಕ್ಕೆ ಜನ ಕಾಯಿ ಒಡೆದರು. ಬಾಗಿಲು ಬಿಚ್ಚಿ, ಬಿರುಕುಬಿಟ್ಟ ರಬ್ಬರಿನ ಜಾಗಕ್ಕೆ ಸೈಕಲ್ಲಿನ ವಾಲ್‌ಟ್ಯೂಬು ಹಾಕಿದರು. ಕೀಲಿ ತಿರುಗಿಸಿದರೆ ಎಂಜಿನ್ ಸುಮ್ಮನೆ ನಿಂತಿತು. ಮನೆಮನೆಗೆ ಪ್ರಸಾದ ನಾನು ಹಂಚಿ ಬಂದೆ.

ಆದರೆ ಅದು ಮುಗಿಯಿತೆಂದರೆ ಇನ್ನೊಂದು. ಪ್ರಯೋಗಕ್ಕೆಂದು ಕಲ್ಯಾಣದ ಕಡೆ ಹೋದವರು ಕಾರನ್ನು ಟ್ರಕ್ಕಿನ ಹಿಂದೆ ಕಟ್ಟಿಸಿಕೊಂಡು ಬಂದರು. ಮುಂದಿನ ಸಲ ನೀರು ಕುದಿಯಿತು. ಆಮೇಲೆ ಮುಂದಿನ ಸೀಟಿನ ಅಡಿ ವೈರು ಸುಟ್ಟ ವಾಸನೆ. ಆ ಸೀಟನ್ನು ಅವರು ಎಷ್ಟು ಸಲ ಬಿಚ್ಚಿ ಹಾಕಿದರೋ, ನಟ್ಟುಗಳು ಅವರ ಕೈ ಕಂಡರೆ ತಾವೇ ಸಡಿಲಾಗುತ್ತಿದ್ದವು. ನಾನು ರೇಗಿಸುವುದನ್ನು ಬಿಟ್ಟಿದ್ದೆ. ಏಕೆಂದರೆ ಅತ್ತ ಫೋನಿನಲ್ಲಿ ದೊಡ್ಡವ್ವನ "ಆಂ?" ಕಡಿಮೆಯಾಗುತ್ತ ಬಂದಿತ್ತು. ಒಂದು ಭಾನುವಾರ ಅತ್ತೆ ರಿಸೀವರ್ ಇಟ್ಟವರು ಫೋನಿನ ಹತ್ತಿರದಿಂದ ಏಳಲಿಲ್ಲ.

"ಅಕ್ಕನ ದನಿ ಸಣ್ಣ ಆಗೇತಿ" ಎಂದರು. ಆಮೇಲೆ ಮಗನ ಕಡೆ ನೋಡಿ, "ತಮ್ಮಾ, ಇನ್ನ ಎಷ್ಟ ದಿನ ಆಕ್ಕೈತಿ ನಿನ್ನ ಗಾಡಿ?"

ನಮ್ಮವರು ಎದ್ದರು. ಅಂಗಿ ಹಾಕಿಕೊಂಡು ಕಾರಿನ ಕೆಳಗೆ ಸೇರಿಕೊಂಡರು. ಅವರ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ನನಗೆ ಆ ಪಾದಗಳನ್ನು ನೋಡಿ ಪಾಪವೆನಿಸಿತು.

ಮುಂದಿನ ಭಾನುವಾರ ಹೊರಟೇಬಿಟ್ಟೆವು. ಮಗಳನ್ನು ಮರಾಠಿ ಅಜ್ಜಿಯ ಮನೆಯಲ್ಲಿ ಬಿಟ್ಟೆ. ಅತ್ತೆ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಮ್ಮ ಜಾಗದಲ್ಲಿ ಕುಳಿತರು. ಬಿಲ್ಡಿಂಗಿನ ಜನವೆಲ್ಲ ಗೇಟಿನ ತನಕ ಬಂದು ಬೀಳ್ಕೊಟ್ಟರು. ತಳ್ಳಬೇಕಾದೀತೆಂದು ಗಂಡಸರು ಅಂಗಿಯ ತೋಳು ಮಡಚಿ ತಯಾರಾಗಿದ್ದರೆಂಬುದು ನನಗೆ ಗೊತ್ತು. ಡಿಕ್ಕಿಯಲ್ಲಿ ಟೂಲ್ ಬಾಕ್ಸ್, ನೀರಿನ ಕ್ಯಾನುಗಳು, ಹಗ್ಗ, ಊದುಬತ್ತಿ. ಕಾಟಾಯಿ ನಾಕಾ ದಾಟಿದೆವು, ಶಿಳ್ ಫಾಟಾ ದಾಟಿದೆವು. ಮಹಾಪೆಯ ಏರಿನಲ್ಲಿ ಎಂಜಿನ್ ಕಾವು ತೋರಿಸುವ ಮುಳ್ಳು ಕೆಂಪಿಗೆ ಬಂತು. ಇಳಿದು ನೀರು ಹಾಕಿ ಮತ್ತೆ ಹೊರಟೆವು. ದಾರಿಯುದ್ದಕ್ಕೂ ಲಾರಿಯವರು ನಮ್ಮ ಕಾರಿಗೆ ಜಾಗ ಬಿಟ್ಟುಕೊಟ್ಟರು. ಒಳಗೆ ಯಾರೋ ದೊಡ್ಡವರಿದ್ದಾರೆಂದು ತಿಳಿದಿರಬೇಕು. ಅತ್ತೆಯಂತೂ ಎಲ್ಲರಿಗೂ ಕೈ ಎತ್ತಿ ಆಶೀರ್ವಾದ ಮಾಡುತ್ತಲೇ ಇದ್ದರು.

ವಾಶಿಯಲ್ಲಿ ದೊಡ್ಡವ್ವನ ಬಿಲ್ಡಿಂಗಿನ ಮುಂದೆ ಕಾರು ನಿಂತಿತು. ನಮ್ಮವರು ಇಳಿದು ಬಂದು ತಾಯಿಗೆ ಬಾಗಿಲು ತೆಗೆದರು. ಎಷ್ಟು ಚೆಂದವಾಗಿ ತೆಗೆದರೆಂದರೆ, ಮಾಲೀಕರ ಡ್ರೈವರನೂ ಹಾಗೆ ತೆಗೆದಿರಲಾರ. ಅತ್ತೆ ಇಳಿದು, ನೆರಿಗೆ ಸರಿಮಾಡಿಕೊಂಡು, ನನ್ನ ಕೈ ಹಿಡಿದು ನಾಲ್ಕು ಹೆಜ್ಜೆ ನಡೆದು ನಿಂತರು.

ಎದುರಿಗೆ ಮೆಟ್ಟಿಲು.

ಮನೆ ಮೂರನೇ ಮಹಡಿಯಲ್ಲಿ. ಆ ಸಾಲಿನ ಯಾವ ಬಿಲ್ಡಿಂಗಿಗೂ ಲಿಫ್ಟ್ ಎಂಬುದಿಲ್ಲ. ನಾವಿಬ್ಬರೂ ಆ ಮೆಟ್ಟಿಲನ್ನು ಹಬ್ಬ ಹುಣ್ಣಿಮೆಗೆ ಬಂದಾಗಲೆಲ್ಲ ಹತ್ತಿ ಇಳಿದವರೇ. ಅತ್ತೆಯೂ ಕಾಲು ನೆಟ್ಟಗಿದ್ದಾಗ ಹತ್ತಿದವರೇ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತಾಯಿತು ನಮ್ಮ ಗತಿ. ಬೇಸಿಗೆಯಿಂದ ದೀಪಾವಳಿಯ ತನಕ ಗ್ಯಾಸ್ಕೆಟ್ಟು, ನಳಿಗೆ, ವೈರು ಎಂದು ಒದ್ದಾಡಿದ ಮನೆಯಲ್ಲಿ ಒಬ್ಬರ ತಲೆಗೂ ಇದು ಹೊಳೆಯಲಿಲ್ಲವಲ್ಲ! ರಸ್ತೆಯ ಮೇಲಿನ ಅಷ್ಟು ದೂರವನ್ನು ಕಾರು ನುಂಗಿತ್ತು. ಈ ನೆಟ್ಟಗಿನ ದೂರವನ್ನು ಯಾರು ನುಂಗಬೇಕು?

ದೊಡ್ಡವ್ವನ ಮಗ ಇಳಿದು ಬಂದವನು ನಮ್ಮ ಮೂವರ ಮುಖ ನೋಡಿ ತಾನೂ ಪೆಚ್ಚಾಗಿ ನಿಂತ. ಅತ್ತೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಕಣ್ಣು ತುಂಬಿತ್ತು. ತಲೆ ಎತ್ತಿ ಮೇಲಿನ ಕಿಟಕಿಯ ಕಡೆ, "ಅಕ್ಕಾ!" ಎಂದು ಕೂಗಿದರು. ಸ್ವಲ್ಪ ತಡೆದು ಮೇಲೆ ಕಿಟಕಿಗೆ ಹತ್ತಿಕೊಂಡ ಮಂಚದಿಂದ ಸಣ್ಣ ದನಿ ಬಂತು.

"ಗಾಡಿ ಸಪ್ಪಳಾ ಆಗಲೇ ಕೇಳ್ತು. ಅಲ್ಲೇ ಏನ ಮಾಡಾಕ್ಹತ್ತಿ?"

"ಕುಂತೀನಿ!"

"ಕುಂದ್ರಾಕ ಇಲ್ಲಿತನಾ ಬಂದೀಯೇನು?"

ನನಗೆ ನಗು ಬಂತು, ಅಳುವೂ ಬಂತು. ನಮ್ಮವರು ಮಾತ್ರ ಮೆಟ್ಟಿಲನ್ನೇ ದಿಟ್ಟಿಸುತ್ತಿದ್ದರು. ಎಷ್ಟು ಅಗಲ, ಎಲ್ಲಿ ತಿರುವು ಎಂದು ಅಳೆಯುವ ನೋಟ ಅದು. ಥಟ್ಟನೆ ತಿರುಗಿ ಹೋಗಿ ಡಿಕ್ಕಿ ತೆಗೆದರು, ಸ್ಪ್ಯಾನರ್ ಹಿಡಿದು ಕಾರಿನೊಳಗೆ ತೂರಿಕೊಂಡರು. ನಾವು ಏನು ಎತ್ತ ಎಂದು ಕೇಳುವುದರೊಳಗೆ ಮುಂದಿನ ಎಡಗಡೆಯ ಸೀಟು ಹೊರಗೆ ಬಂದಿತ್ತು.

ಪಕ್ಕದಲ್ಲಿ ಹೊಸ ಬಿಲ್ಡಿಂಗಿನ ಕೆಲಸ ನಡೆದಿತ್ತು. ಭಾನುವಾರ ಮರಳಿನ ಗುಡ್ಡೆಯ ನೆರಳಿನಲ್ಲಿ ಕುಳಿತಿದ್ದ ಕೆಲಸದವರು ಆಗಿನಿಂದ ನಮ್ಮ ತಮಾಷೆ ನೋಡುತ್ತಿದ್ದರು. ಅವರ ಮಾತು ಕೇಳಿದರೆ ಕಲಬುರಗಿ ಕಡೆಯದು. ನಮ್ಮವರು ಕೈಮಾಡಿ ಕರೆದದ್ದೇ ತಡ, ಎರಡು ಗಟ್ಟಿ ಬಿದಿರು ಹೊತ್ತು ಬಂದರು. ಬಿದಿರನ್ನು ಸೀಟಿನ ಅಡಿ ತೂರಿಸಿ ಹಗ್ಗದಿಂದ ಬಿಗಿದು, ಅತ್ತೆಯನ್ನು ಕೂರಿಸಿ, ಸೊಂಟಕ್ಕೆ ನನ್ನ ಶಾಲು ಕಟ್ಟಿದೆವು. ನಾಲ್ವರು ಹೆಗಲು ಕೊಟ್ಟರು. ನಮ್ಮವರು ನಾಲ್ಕು ಮೆಟ್ಟಿಲು ಮೇಲೆ ನಿಂತು, ಕಾರ್ಖಾನೆಯಲ್ಲಿ ಕ್ರೇನಿನವನಿಗೆ ಸನ್ನೆ ಮಾಡುವ ಹಾಗೆ ಎರಡೂ ಕೈ ಆಡಿಸತೊಡಗಿದರು. "ಮ್ಯಾಲ... ಮ್ಯಾಲ... ತಡೀ! ಎಡಕ್ಕ ತಿರುವು... ಸಾವಕಾಶ... ಹಿಂದಿನವ ಕೆಳಗ ಬಿಡಬ್ಯಾಡ..."

"ಅಮ್ಮಾ, ಯಾವೂರಾಯ್ತ್ರಿ ನಿಮ್ದು?" ಎಂದು ಹೊತ್ತವನೊಬ್ಬ ಏದುಸಿರಿನಲ್ಲೇ ವಿಚಾರಿಸಿದ.

"ವಿಜಾಪುರ. ನಿಂದು ಊಟ ಆಗೇತೇನಪಾ? ಡಬ್ಬ್ಯಾಗ ಹೋಳಿಗಿ ಅದಾವು" ಎಂದರು ಅತ್ತೆ, ಮೊದಲ ತಿರುವಿನಲ್ಲಿ ಓರೆಯಾಗಿ ತೂಗಾಡುತ್ತ. ಮಹಡಿ ಮಹಡಿಗೂ ಬಾಗಿಲುಗಳು ತೆರೆದವು. ಯಾರೋ ಪಲ್ಲಕ್ಕಿ ಬಂತೆಂದು ಕೈಮುಗಿದರು. ಅತ್ತೆ ಅವರಿಗೂ ಆಶೀರ್ವಾದ ಮಾಡಿದರು.

ಸೀಟನ್ನು ದೊಡ್ಡವ್ವನ ಮಂಚದ ಮಗ್ಗುಲಲ್ಲೇ ಇಳಿಸಿದರು. ಎರಡೂ ಒಂದೇ ಎತ್ತರಕ್ಕೆ ಬಂದವು. ಈಗ ಇಬ್ಬರೂ ತಬ್ಬಿಕೊಂಡು ಅಳುತ್ತಾರೆಂದು ನಾನು ಸೆರಗು ಹಿಡಿದು ತಯಾರಾಗಿ ನಿಂತೆ. ದೊಡ್ಡವ್ವ ತಂಗಿಯನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಎಷ್ಟ ದಪ್ಪ ಆಗೀಯಬೇ" ಎಂದರು. "ನೀ ಕಡ್ಡಿ ಆಗೀಯಲ್ಲ, ಸರಿ ಆತು" ಎಂದರು ಅತ್ತೆ. ಆಮೇಲೆ ಅಕ್ಕನ ಕೈ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿಡಿದ ಸೆರಗಿನಿಂದ ನಾನು ನನ್ನ ಕಣ್ಣನ್ನೇ ಒರೆಸಿಕೊಂಡೆ.

ಊಟವಾಯಿತು, ಹೋಳಿಗೆ ಹೊತ್ತವರಿಗೂ ಹೋಯಿತು. ನಮ್ಮವರು ಆ ದಿನ ಗೆದ್ದ ಪೈಲ್ವಾನ. ನೆರೆಹೊರೆಯ ಗಂಡಸರನ್ನು ಕೆಳಗೆ ಕರೆದೊಯ್ದು ಬಾನೆಟ್ ಎತ್ತಿ ಬಣ್ಣದ ಪೈಪುಗಳನ್ನು ಒಂದೊಂದಾಗಿ ವಿವರಿಸಿ ಬಂದರು. ಸಂಜೆ ಬಿಸಿಲು ತಗ್ಗಿದ ಮೇಲೆ ಸ್ಪ್ಯಾನರ್ ಹಿಡಿದೇ ಒಳಗೆ ಬಂದು, "ನಡಿ ಅವ್ವಾ, ಹೊರಡೂಣು. ಹುಡುಗುರು ಕೆಳಗ ಬಂದಾರ ಎತ್ತಾಕ" ಎಂದರು.

ಅತ್ತೆ ಅಕ್ಕನ ಕೈ ಬಿಡಲಿಲ್ಲ. "ನಾ ಬರಂಗಿಲ್ಲ ತಮ್ಮಾ."

"ಅಂದ್ರ?"

"ಇವರಿಬ್ರೂ ಮುಂಜಾನೆದ್ದು ನೌಕರಿಗೆ ಹೋಗ್ತಾರ. ಚಂಜೀತನಾ ಈಕಿ ಒಬ್ಬಾಕಿನ ಮಾಳಗಿ ನೋಡಕೋತ ಬಿದ್ದಿರ್ತಾಳ. ನೀರು ಕೊಡಾಕ ಯಾರಿಲ್ಲ. ನಾ ಇಲ್ಲೇ ಇರ್ತೀನಿ."

"ಎಷ್ಟ ದಿನ?"

ಅತ್ತೆ ಅಕ್ಕನ ಮುಖ ನೋಡಿದರು. "ಆಕಿ ಇರೂತನಾ" ಎಂದರು. ಅದನ್ನು ಅಷ್ಟು ಸಲೀಸಾಗಿ ಅಂದದ್ದಕ್ಕೆ ದೊಡ್ಡವ್ವನಿಗೇ ನಗು ಬಂತು.

ದೊಡ್ಡವ್ವನ ಸೊಸೆ, "ಇರ್ಲಿ ಬಿಡ್ರಿ ಅಣ್ಣಾ, ನಮಗೂ ಧೈರ್ಯ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಇನ್ನು ಯಾರು ಏನೆನ್ನಬೇಕು? ನಾನು ಅತ್ತೆಯ ಕಾಲಿಗೆ ನಮಸ್ಕರಿಸಿದೆ. ದಿನವೂ ಕಾರಿನಲ್ಲಿ ಕುಳಿತು ನನ್ನ ಮೇಲೆ ಚಾಡಿ ಹೇಳುತ್ತಿದ್ದ ಹೆಂಗಸು, ಅವರನ್ನು ಬಿಟ್ಟು ಹೋಗಬೇಕೆಂದಾಗ ಮುಟ್ಟಿದ ಕಾಲನ್ನು ಬಿಡಲು ಮನಸ್ಸಾಗಲಿಲ್ಲ. ಅತ್ತೆಗೆ ಕೂರಲು ಬೇಕೆಂದು ಸೀಟನ್ನು ಅಲ್ಲೇ ಬಿಟ್ಟೆವು. ಬರುವಾಗ ಮುಂದೆ ಅವರು, ಹಿಂದೆ ನಾನು. ಅವರ ಪಕ್ಕ, ಸೀಟಿದ್ದ ಜಾಗದಲ್ಲಿ ಬರೀ ಬೋಲ್ಟಿನ ತೂತುಗಳು.

ಕಾರು ಅಂದು ಎಂದೂ ಓಡದ ಹಾಗೆ ಓಡಿತು. ಕೆಮ್ಮಲಿಲ್ಲ, ಕುದಿಯಲಿಲ್ಲ, ಹೊಗೆಯುಗುಳಲಿಲ್ಲ. ಶಿಳ್ ಫಾಟಾದ ಹತ್ತಿರ ಅವರು ಕಾರನ್ನು ಬದಿಗೆ ತೆಗೆದುಕೊಂಡು ನಿಲ್ಲಿಸಿದರು, ಇಳಿದು ಬಾನೆಟ್ ಎತ್ತಿದರು. ನಾನು ಕಾದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಇಳಿದು ಹೋಗಿ ನೋಡಿದರೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಎಂಜಿನ್ನನ್ನು ನೋಡುತ್ತ ನಿಂತಿದ್ದರು.

"ಏನ ಕೆಟ್ಟೇತ್ರಿ?" ಎಂದೆ.

"ಏನೂ ಕೆಟ್ಟಿಲ್ಲ" ಎಂದರು ಅವರು. "ಕೆಟ್ಟಿದ್ರ ರಿಪೇರಿ ಮಾಡತಿದ್ದೆ."